ಅಡುಗೆ ವಿಡಿಯೊ: ಕ್ಯಾಮೆರಾಕ್ಕಿಂತ ಮೊದಲು ಮೈಕ್

ಪ್ರಶ್ನೆ: ಎರಡು ತಿಂಗಳಿಂದ ಮೊಬೈಲಿನಲ್ಲಿ ಅಡುಗೆ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ನನ್ನ ಮಾತು ಕೊಡದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಾಡುತ್ತವೆ. ಹೊಸ ಕ್ಯಾಮೆರಾ ಕೊಳ್ಳಬೇಕೇ?
– ಓದುಗರು, ತುಮಕೂರು

ಉತ್ತರ: ಬೇಡ, ಈಗಲೇ ಅದಕ್ಕೆ ದುಡ್ಡು ಹಾಕಬೇಡಿ. ಕ್ಯಾಮೆರಾ ಬದಲಿಸಿದರೂ ಈ ಎರಡು ತೊಂದರೆ ಹಾಗೇ ಉಳಿಯುತ್ತವೆ.

ಮೊದಲು ಧ್ವನಿ. ಫೋನು ನಿಮ್ಮಿಂದ ಮೂರ್ನಾಲ್ಕು ಅಡಿ ದೂರದಲ್ಲಿದ್ದರೆ, ಟೈಲ್ಸ್ ಗೋಡೆಗೂ ಗ್ರಾನೈಟ್ ಕಟ್ಟೆಗೂ ಬಡಿದು ಬರುವ ಸದ್ದು ನಿಮ್ಮ ಮಾತಿನ ಜೊತೆ ಸೇರಿಕೊಳ್ಳುತ್ತದೆ. ಫೋನಿಗೆ ಹೊಂದುವ ಕಾಲರ್ ಮೈಕ್ ತಂದು ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು ಉಜ್ಜಿದರೆ ಕರಕರ ಸದ್ದು, ಸರ ತಾಗಿದರೆ ಟಕ್ ಟಕ್. ಹಾಗಾಗಿ ಸರವನ್ನು ಒಳಗೆ ಹಾಕಿಕೊಂಡು ಸೆರಗಿಗೆ ಪಿನ್ ಮಾಡಿ. ಚಿಮಣಿ, ಎಕ್ಸಾಸ್ಟ್ ಫ್ಯಾನ್ ಆರಿಸಿ. ಮಿಕ್ಸಿ ತಿರುಗುವಾಗ ಮಾತಾಡಬೇಡಿ. ವಿವರಣೆಯನ್ನು ಆಮೇಲೆ ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಮುಂದೆ ಕೂತು ಹೇಳಿದರೆ ಇನ್ನೂ ಒಳ್ಳೆಯದು. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಆದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಸದ್ದನ್ನು ಮಾತ್ರ ಬಿಡಬೇಡಿ, ನೋಡುವವರ ಬಾಯಲ್ಲಿ ನೀರೂರಿಸುವುದೇ ಅದು. ಶುರುಮಾಡುವ ಮುಂಚೆ ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ ನೋಡಿ.

ಇನ್ನು ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು; ಒಂದೊಂದು ಸುತ್ತಿಗೆ ಬೆಳಕು ಎರಡು ಸಲ ಏರಿಳಿಯುತ್ತದೆ. ಹಾಗಾಗಿ ಹಳೇ ಚೋಕಿನ ಟ್ಯೂಬ್, ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಅದು ಕಾಣದು, ಫೋನಿನ ಶಟರ್ (ಒಂದೊಂದು ಚಿತ್ರಕ್ಕೂ ಬೆಳಕು ಹಿಡಿಯುವ ಸಮಯ) 1/60 ಸೆಕೆಂಡಿನಲ್ಲಿದ್ದರೆ ಪಟ್ಟೆಯಾಗಿ ಕಾಣುತ್ತದೆ. ಕ್ಯಾಮೆರಾ ಆ್ಯಪಿನಲ್ಲಿ ಪ್ರೊ ಮೋಡಿಗೆ (ಸೆಟ್ಟಿಂಗನ್ನು ನಾವೇ ಬದಲಿಸುವ ಆಯ್ಕೆ) ಹೋಗಿ ಶಟರನ್ನು 1/50 ಅಥವಾ 1/100ಕ್ಕೆ ಇಡಿ. ಪ್ರೊ ಮೋಡ್ ಇಲ್ಲದಿದ್ದರೆ ದೀಪ ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಗಲಲ್ಲೇ ಶೂಟ್ ಮಾಡಿ.

ಇನ್ನೊಂದು ಮಾತು: ಬಿಳಿ ಅನ್ನದ ಪಾತ್ರೆ ತಂದಿಟ್ಟ ಕೂಡಲೇ ಚಿತ್ರ ಕಪ್ಪಾಗುತ್ತದಲ್ಲ, ಪರದೆಯ ಮೇಲೆ ಬೆರಳು ಒತ್ತಿಹಿಡಿದು ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಲಾಕ್ ಮಾಡಿದರೆ ಹಾಗಾಗದು. ಲೆನ್ಸಿಗೆ ಎಣ್ಣೆ ಜಿಡ್ಡು ಹತ್ತಿದರೆ ಚಿತ್ರವೆಲ್ಲ ಮಂಜು ಕವಿದಂತಾಗುತ್ತದೆ. ಆಗಾಗ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ.

ಪ್ರಶ್ನೆ: ಹಿನ್ನೆಲೆಗೆ ಸಿನಿಮಾ ಹಾಡು ಹತ್ತೇ ಸೆಕೆಂಡ್ ಹಾಕಿದ್ದಕ್ಕೆ ಕಾಪಿರೈಟ್ ಕ್ಲೇಮ್ ಬಂದಿದೆ. ಚಾನೆಲ್ ಹೋಗುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಹೆದರಬೇಡಿ, ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಸ್ಟ್ರೈಕ್ ಎಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಯೂಟ್ಯೂಬ್ ಚಾನೆಲ್‌ಗೆ ಕೊಡುವ ಎಚ್ಚರಿಕೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್‌ಗೇ ಕುತ್ತು. ಕ್ಲೇಮ್ ಆದರೆ ಸಾಮಾನ್ಯವಾಗಿ ಆ ವಿಡಿಯೊದ ಜಾಹೀರಾತು ಹಣ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ಬ್ಲಾಕ್ ಆಗುತ್ತದೆ. ಹತ್ತು ಸೆಕೆಂಡಿಗೆ ವಿನಾಯಿತಿ ಎಂಬ ನಿಯಮವೇ ಇಲ್ಲ; ‘ಕೃಪೆ’ ಎಂದು ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಂತೆಯೂ ಅಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಹಾಡನ್ನು ಮ್ಯೂಟ್ ಮಾಡಬಹುದು, ಅಥವಾ ಅಲ್ಲೇ ಇರುವ ಆಡಿಯೊ ಲೈಬ್ರರಿಯ ಸಂಗೀತಕ್ಕೆ ಬದಲಿಸಬಹುದು. ಅದರಲ್ಲೂ ಕೆಲವಕ್ಕೆ ಸಂಗೀತಗಾರರ ಹೆಸರನ್ನು ವಿವರಣೆಯಲ್ಲಿ ಹಾಕಲೇಬೇಕು, ಪರವಾನಗಿಯ ಕಾಲಂ ನೋಡಿಕೊಂಡು ಆರಿಸಿ.