ಪಟ್ಟಿಯಲ್ಲಿ 14 ಕಾಲೇಜು, ಯಾವುದು ಬಿಡಲಿ ಅಂದ ತಮ್ಮನಿಗೆ

ನಿನ್ನ ಮೆಸೇಜು ಓದಿದೆ. ವಿಟಿಯುನಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ, ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡೋ ಆಸೆ, ಪಟ್ಟಿಯಲ್ಲಿ 14 ಯೂನಿವರ್ಸಿಟಿ. "ಅಕ್ಕ, ಐದಾರಕ್ಕೆ ಇಳಿಸೋದು ಹೇಗೆ?" ಅಂತ ಕೇಳಿದ್ದೀಯ. ಚಳಿ, ಊಟ, ಪಾರ್ಟ್ ಟೈಮ್ ಕೆಲಸದ ಬಗ್ಗೆಯೂ ಕೇಳಿದ್ದೀಯ. ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಪಕ್ಕದ ಮನೆ ಹುಡುಗ ನೀನು. ಎರಡು ಸಾಲು ಬರೆದು ಕೈ ತೊಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ.

ಸಣ್ಣ ಪ್ರಶ್ನೆಗಳು ಮೊದಲು. ಜಾಕೆಟ್ ಇಲ್ಲಿ ಜರ್ಮನಿಗೆ ಬಂದಮೇಲೆ ತಗೋ. ಅಕ್ಕಿ ಬೇಳೆ ಸಿಗುತ್ತೆ, ಸಾರಿನ ಪುಡಿ ಮಾತ್ರ ಅಮ್ಮನ ಹತ್ತಿರ ಮಾಡಿಸಿಕೊಂಡು ಬಾ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಆದರೆ ಆ ದುಡ್ಡು ನಂಬಿಕೊಂಡು ಬರಬೇಡ.

ಈಗ ಪಟ್ಟಿ. ಹಲವು ಯೂನಿವರ್ಸಿಟಿಗಳ ಪರವಾಗಿ ಹೊರದೇಶದವರ ಅರ್ಜಿ ಪರಿಶೀಲಿಸೋ ಯೂನಿ-ಅಸಿಸ್ಟ್ ಅನ್ನೋ ಸಂಸ್ಥೆ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75 ಯೂರೊ, ಅದೇ ಸೆಮಿಸ್ಟರಿಗೆ ಆಮೇಲಿನ ಒಂದೊಂದಕ್ಕೂ 30. ಹದಿನಾಲ್ಕೂ ಹಾಗೇ ಹಾಕಿದರೆ 465 ಯೂರೊ, ಅಂದರೆ 40 ಸಾವಿರ ರೂಪಾಯಿಗೂ ಮೇಲೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅನ್ನೋ ಮಾತನ್ನೂ ಪೂರ್ತಿ ನಂಬಬೇಡ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಇಟ್ಟಿದೆ. ಇದರ ಮೇಲೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಖರ್ಚಿನ ದುಡ್ಡು ಮೊದಲೇ ಕಟ್ಟಿ ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೊ ತೋರಿಸಬೇಕು. ಅಪ್ಪನ ಜೊತೆ ಕೂತು ಈ ಲೆಕ್ಕ ಹಾಕು. ಎರಡು ಮೂರು ಹೆಸರು ಅಲ್ಲೇ ಹೋಗುತ್ತವೆ.

ಉಳಿದದ್ದನ್ನು ರ‍್ಯಾಂಕಿಂಗ್ ನೋಡಿ ಹೊಡೆದುಹಾಕಬೇಡ. ನಿನ್ನ ಮಾರ್ಕ್ಸ್ ಕಾರ್ಡ್ ನೋಡಿ ಹೊಡೆದುಹಾಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ನಾನು ಓದಿದ್ದು ವಿಟಿಯುನ 2010ರ ಸ್ಕೀಮಿನಲ್ಲಿ, ಅಂದರೆ ಆಗಿನ ಪಠ್ಯಕ್ರಮದಲ್ಲಿ. ಒಂದೊಂದು ವಿಷಯಕ್ಕೂ 125 ಅಂಕ, ವಿಷಯದ ತೂಕ ಹೇಳೋ ಕ್ರೆಡಿಟ್ ಅನ್ನೋದೇ ಇರಲಿಲ್ಲ. ಕಂಪನಗಳ (ವೈಬ್ರೇಷನ್) ಅಧ್ಯಯನಕ್ಕೆ ಒಳ್ಳೆ ಹೆಸರಿದ್ದ ಇಲ್ಲಿನ ಒಂದು ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದೆ. ಪರ್ಸೆಂಟೇಜ್ ಸಾಕಷ್ಟಿತ್ತು. ಸೀಟು ಸಿಕ್ಕಂತೆಯೇ ಅಂತ ಅಪ್ಪ ಬೀದಿಗೆಲ್ಲ ಹೇಳಿದ್ದರು. ಮೆಕ್ಯಾನಿಕ್ಸ್‌ನಲ್ಲಿ ಕ್ರೆಡಿಟ್ ಸಾಲದು ಅಂತ ಅವರು ವಾಪಸ್ ಕಳಿಸಿದರು. ಮೊದಲ ವರ್ಷದಲ್ಲಿ ನಾವು ಓದಿದ ಮೆಕ್ಯಾನಿಕ್ಸ್ ಯಾವ ಹೆಸರಲ್ಲಿತ್ತು ಗೊತ್ತಾ? 'ಎಲಿಮೆಂಟ್ಸ್ ಆಫ್ ಸಿವಿಲ್ ಎಂಜಿನಿಯರಿಂಗ್ ಅಂಡ್ ಎಂಜಿನಿಯರಿಂಗ್ ಮೆಕ್ಯಾನಿಕ್ಸ್'. ಸಿವಿಲ್ ಅಂತ ಕಂಡವರು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಕೋರ್ಸ್ ಕೈ ತಪ್ಪಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮುಂದಿನ ಸಲ ವಿಟಿಯು ಸಿಲಬಸ್ ಪೂರ್ತಿ ಪ್ರಿಂಟ್ ತೆಗೆಸಿದೆ. ಅದರಲ್ಲಿ ಪ್ರತಿ ಯೂನಿಟ್ ಪಕ್ಕ ಎಷ್ಟು ಗಂಟೆ ಪಾಠ ಅಂತ ಇರುತ್ತೆ. ಯಾವ ವಿಷಯದಲ್ಲಿ ಏನು ಕಲಿಸುತ್ತಾರೆ ಅಂತ ಇಲ್ಲಿನ ಯೂನಿವರ್ಸಿಟಿ ಬರೆದಿಡೋ ಮಾಡ್ಯೂಲ್ ಹ್ಯಾಂಡ್‌ಬುಕ್ ಪಕ್ಕಕ್ಕಿಟ್ಟುಕೊಂಡು ಗಣಿತ, ಮೆಕ್ಯಾನಿಕ್ಸ್, ಥರ್ಮೋ ಒಂದೊಂದನ್ನೂ ಪೆನ್ಸಿಲಿನಲ್ಲಿ ತಾಳೆ ನೋಡಿದೆ. ಯಾವ ವಿಷಯ ಎಲ್ಲಿ ಬರುತ್ತೆ ಅಂತ ಟೇಬಲ್ ಮಾಡಿ ಎಚ್ಒಡಿ ಹತ್ತಿರ ಸೀಲು, ಸಹಿ ಹಾಕಿಸಿದೆ. ಸೀಟು ಸಿಕ್ಕಿದ್ದು ಕೆಮ್ನಿಟ್ಸ್‌ನಲ್ಲಿ.

ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಕ್ರೆಡಿಟ್ ಇದೆ, ಆದರೂ ಮೋಸ ಹೋಗಬೇಡ. ನಮ್ಮ ಕ್ರೆಡಿಟ್ ವಾರದ ಪಾಠದ ಗಂಟೆ ಮೇಲೆ ನಿಂತಿದೆ. ಇಲ್ಲಿನ ಒಂದು ಕ್ರೆಡಿಟ್ ಅಂದರೆ ಮನೆಯಲ್ಲಿ ಓದಿದ್ದೂ ಸೇರಿ 25ರಿಂದ 30 ಗಂಟೆ ದುಡಿಮೆ, ಸೆಮಿಸ್ಟರಿಗೆ 30 ಕ್ರೆಡಿಟ್. ಗಣಿತಕ್ಕೆ ಇಷ್ಟು, ಮೆಕ್ಯಾನಿಕ್ಸ್‌ಗೆ ಇಷ್ಟು ಇರಲೇಬೇಕು ಅಂತ ಕೆಲವು ಕಡೆ ಅಡ್ಮಿಷನ್ ನಿಯಮದಲ್ಲೇ ಬರೆದಿರುತ್ತಾರೆ. ಅದು ತುಂಬದಿದ್ದರೆ ಎಷ್ಟೇ ದೊಡ್ಡ ಹೆಸರಾದರೂ ಆ ಕಾಲೇಜು ಬಿಟ್ಟುಬಿಡು.

ಕೆಮ್ನಿಟ್ಸ್ ಅಂದಾಗ ಊರಲ್ಲಿ ಎಲ್ಲರೂ "ಅದೆಲ್ಲಮ್ಮಾ?" ಅಂದರು. ನಿಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ವಾ, ಇದನ್ನು ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಅಂತಿದ್ದರು. ಬಟ್ಟೆ ಗಿರಣಿ, ಯಂತ್ರ ಕಟ್ಟೋ ಕಾರ್ಖಾನೆಗಳ ಊರು. ಬಂದಿಳಿದ ದಿನ ಟ್ರಾಮಿನಲ್ಲಿ ಪಕ್ಕ ಕೂತ ಅಜ್ಜಿ ನನ್ನ ಸೂಟ್‌ಕೇಸ್ ಹಿಡಿದುಕೊಂಡು ಏನೇನೋ ವಿಚಾರಿಸಿದರು. ಒಂದಕ್ಕೂ ಉತ್ತರ ಕೊಡೋಕೆ ನನಗೆ ಭಾಷೆ ಬರಲಿಲ್ಲ. ಮ್ಯೂನಿಕ್‌ನಲ್ಲಿ ಒಂದು ರೂಮಿಗೆ ಕೊಡೋ ಬಾಡಿಗೆಗೆ ಅಲ್ಲಿ ಇಡೀ ಮನೆ ಸಿಗುತ್ತೆ. ನೆಮ್ಮದಿಯಾಗಿ ಓದಿದೆ. ಈಗ ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿದ್ದೇನೆ, ಯಾವ ದೊಡ್ಡ ಹೆಸರಿನ ಕಾಲೇಜಿನವರಿಗೂ ಕಮ್ಮಿಯಿಲ್ಲ. ನಿನ್ನ ಐದರಲ್ಲಿ ಇಂಥ ಎರಡು ಊರಾದರೂ ಇರಲಿ.

ಪುಕ್ಕಟೆ ಸಲಹೆ ಕೊಡೋ ಕನ್ಸಲ್ಟೆನ್ಸಿ ಕಡೆ ಹುಷಾರು. ಪ್ರೈವೇಟ್ ಕಾಲೇಜಿನಿಂದ ಕಮಿಷನ್ ತಗೊಳ್ಳುವವರು ಅದೇ ಹೆಸರನ್ನು ಮೇಲೆ ಬರೆಯುತ್ತಾರೆ. ಕೋರ್ಸ್ ಇಂಗ್ಲಿಷಿನಲ್ಲೇ ಇದ್ದರೂ ಜರ್ಮನ್ ಇವತ್ತೇ ಶುರು ಮಾಡು. ಬೆಂಗಳೂರಿಗೆ ಹೋದರೆ ಇಂದಿರಾನಗರದಲ್ಲಿ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನ ಇದೆ.

2022ರ ನವೆಂಬರಿನಿಂದ ವೀಸಾಕ್ಕೆ ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿನ್ನ ಮಾರ್ಕ್ಸ್ ಕಾರ್ಡು ಅಸಲಿ ಅಂತ ಪರಿಶೀಲಿಸಿ ಕೊಡೋ ಪತ್ರ, ಬೇಕೇ ಬೇಕು. ಈ ವಾರವೇ ಅದರ ಕಾಗದ ಜೋಡಿಸೋಕೆ ಶುರು ಮಾಡು. ನಿನ್ನ ಮಾರ್ಕ್ಸ್ ಕಾರ್ಡು, ಸಿಲಬಸ್ಸು ಎರಡನ್ನೂ ಸ್ಕ್ಯಾನ್ ಮಾಡಿ ಕಳಿಸು, ಟೇಬಲ್ ಇಬ್ಬರೂ ಸೇರಿ ಮಾಡೋಣ. ಭಾನುವಾರ ನಿಮ್ಮಲ್ಲಿ ಮಧ್ಯಾಹ್ನ ಊಟ ಆದಮೇಲೆ ಫೋನ್ ಮಾಡು, ನಾನು ಆಗ ಮನೆಯಲ್ಲೇ ಇರುತ್ತೇನೆ.