ಜೋರಾಗಿ ಹೋದ ಗುಂಡೇ ಜಾಸ್ತಿ ಸರಿದದ್ದೇಕೆ?

ವಿರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ಕ್ಲಬ್ಬಿನಲ್ಲಿ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ 50 ಮೀಟರ್ ಗುರಿ ಹೊಡೆಯುತ್ತೇನೆ. ಗಾಳಿ ಇರುವ ದಿನಕ್ಕೆಂದು ಹೈ ವೆಲಾಸಿಟಿ ಗುಂಡಿನ ಡಬ್ಬಿ ತಂದೆ. ಬೇಗ ಹೋದರೆ ಗಾಳಿಗೆ ಸಿಗುವುದು ಕಮ್ಮಿ ಅಲ್ವಾ? ಆದರೆ ಗುಂಡು ಮೊದಲಿಗಿಂತ ಜಾಸ್ತಿ ಸರಿಯುತ್ತಿದೆ. ತಪ್ಪು ನನ್ನ ಕೈಯದೋ, ಡಬ್ಬಿಯದೋ?"

ಸಂಪಾದಕರ ಉತ್ತರ:

ಕೈ ಸರಿಯಾಗಿಯೇ ಇದೆ. ಗಾಳಿ ಗುಂಡನ್ನು ತರಗೆಲೆಯ ಹಾಗೆ ಪಕ್ಕಕ್ಕೆ ತಳ್ಳುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಡೆಯುವುದೇ ಬೇರೆ. ಗಿರಗಿರನೆ ತಿರುಗುತ್ತ ಹೋಗುವ ಗುಂಡು, ಗಾಳಿ ಬರುವ ಕಡೆಗೆ ತನ್ನ ಮೂತಿಯನ್ನು ಒಂಚೂರು ಓರೆ ಮಾಡಿಕೊಳ್ಳುತ್ತದೆ. ಆಗ ಅದನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆಯೂ ಓರೆಯಾಗುತ್ತದೆ. ಆ ಓರೆ ಎಳೆತಕ್ಕೇ ಗುಂಡು ಸರಿಯುವುದು. ಉರಿಯುತ್ತ ಸಾಗುವ ರಾಕೆಟ್ ಇದಕ್ಕೆ ತದ್ವಿರುದ್ಧ, ಗಾಳಿ ಬಂದ ಕಡೆಗೇ ವಾಲುತ್ತದೆ!

ಫ್ರಾನ್ಸಿನ ಸೇನಾಧಿಕಾರಿ ಇಸಿಡೋರ್ ಡಿಡಿಯೋನ್ ಹೆಸರಿನ ಹಳೆಯ ಸೂತ್ರ ಒಂದಿದೆ. ಗಾಳಿಯೇ ಇಲ್ಲದ ಕಡೆ, ಅಂದರೆ ನಿರ್ವಾತದಲ್ಲಿ, ಗುಂಡು ಗುರಿ ಮುಟ್ಟಲು ಎಷ್ಟು ಹೊತ್ತು ಬೇಕು? ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತು? ಈ ಎರಡರ ನಡುವಿನ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. ಅಷ್ಟೇ ಸರಿತ. ಗುಂಡು ಎಷ್ಟು ಹೊತ್ತು ಹಾರಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಎಷ್ಟು ತಡವಾಯಿತು ಅನ್ನುವುದೇ ಲೆಕ್ಕ.

ಈಗ ನಿಮ್ಮ ಡಬ್ಬಿಗೆ ಬರೋಣ. ಸಾಮಾನ್ಯ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೈ ವೆಲಾಸಿಟಿಯದು ಸುಮಾರು 380. ಶಬ್ದದ ವೇಗ ಸುಮಾರು 345. ಈ ಗಡಿಯ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಗೇ ಏರುತ್ತದೆ. ನಿಮ್ಮ ಹೊಸ ಗುಂಡು ಗಡಿಯ ಮೇಲೆ ಹೊರಟು, ಗಳಿಸಿದ ವೇಗವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಹಳೆಯದು ಗಡಿಯ ಕೆಳಗೇ ಸುಮ್ನೆ ಸಾಗುತ್ತದೆ. ಅಂದಾಜಿಗೆ ಹೇಳುವುದಾದರೆ, 50 ಮೀಟರ್‌ನಲ್ಲಿ ಹಳೆಯದಕ್ಕೆ 6-7 ಮಿಲಿಸೆಕೆಂಡ್ ತಡ, ಹೊಸದಕ್ಕೆ 9. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದ್ದರೆ ಒಂದು 3 ಸೆಂಟಿಮೀಟರ್ ಸರಿದರೆ ಇನ್ನೊಂದು 4. ಒಲಿಂಪಿಕ್ಸ್‌ನ 50 ಮೀಟರ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿಲಿಮೀಟರ್. ಆ 1 ಸೆಂಟಿಮೀಟರ್ ಎಷ್ಟು ದುಬಾರಿ ನೋಡಿ. ಸ್ಪರ್ಧೆಯ ಗುಂಡುಗಳನ್ನು ಶಬ್ದದ ವೇಗಕ್ಕಿಂತ ಕೆಳಗೇ ಇಡುವುದಕ್ಕೆ ಇದೂ ಒಂದು ಕಾರಣ.

ಹಾಗಂತ ನಿಧಾನವೇ ಒಳ್ಳೆಯದು ಅಂದುಕೊಳ್ಳಬೇಡಿ. ದೂರದ ರೈಫಲ್‌ಗಳಲ್ಲಿ ಗುಂಡಿನ ಆಕಾರ ಮುಂದೆ ಬರುತ್ತದೆ. ಪಾಯಿಂಟ್ ಟೂ ಟೂ ತ್ರೀ ಅನ್ನುವ ಅಂಥದ್ದೊಂದು ರೈಫಲ್‌ನ 55 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 985 ಮೀಟರ್‌ನಷ್ಟು ವೇಗದಲ್ಲಿ ಹೊರಡುತ್ತದೆ. 77 ಗ್ರೇನಿನದು 840ರ ಹತ್ತಿರ. ಆದರೂ ದೂರಕ್ಕೆ ಹೋದಂತೆ ಎರಡನೆಯದೇ ಕಮ್ಮಿ ಸರಿಯುತ್ತದೆ. ಉದ್ದ ಮೈ, ಚೂಪು ಮೂತಿ, ದೋಣಿಯ ಹಿಂಬದಿಯಂತೆ ಸಪೂರವಾದ ಬಾಲ. ಇಂಥ ಗುಂಡು ವೇಗವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆದರೆ ಉದ್ದದ ಗುಂಡಿಗೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೆರೆ ಬಿಗಿಯಾಗಿರಬೇಕು. 12 ಇಂಚಿಗೆ ಒಂದು ಸುತ್ತಿನ ಹಳೆಯ ಕೋವಿಯಲ್ಲಿ 77 ಗ್ರೇನ್ ಹಾಕಿದರೆ ಗುಂಡು ಓಲಾಡಿ ಗುರಿಹಲಗೆಗೆ ಅಡ್ಡಡ್ಡ ಬಡಿಯುತ್ತದೆ.

ನಿಮ್ಮ ಪಾಯಿಂಟ್ ಟೂ ಟೂನಲ್ಲಿ ಈ ಆಯ್ಕೆಯೇ ಇಲ್ಲ ಅನ್ನಬಹುದು. ಹೆಚ್ಚಿನವು 40 ಗ್ರೇನ್, ಅದೇ ಮೊಂಡು ಮೂತಿ. ಹಳೆಯ ಡಬ್ಬಿಗೇ ಮರಳಿ. ಇನ್ನೊಂದು ಮಾತು, ಗಾಳಿ ಬಾವುಟ ನೋಡುವಾಗ ಗುರಿಯ ಪಕ್ಕದ್ದಕ್ಕಿಂತ ನಿಮ್ಮ ಹತ್ತಿರದ್ದರ ಮೇಲೆ ಜಾಸ್ತಿ ಕಣ್ಣಿಡಿ. ಮೊದಲ ಕೆಲವು ಮೀಟರ್‌ನಲ್ಲಿ ತಪ್ಪಿದ ದಿಕ್ಕನ್ನೇ ಗುಂಡು ಕೊನೆತನಕ ಹೊತ್ತೊಯ್ಯುತ್ತದೆ.