ಸಭಾಪಾಲಕರ ಮನೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಪತಿ ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್. ಶನಿವಾರ ರಾತ್ರಿ ಹನ್ನೊಂದಾದರೂ ಅವರ ಭಾನುವಾರದ ಪ್ರಸಂಗ (ಉಪದೇಶ) ಬರೆದು ಮುಗಿದಿರುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯೆಲ್ಲ ಗಡಿಬಿಡಿ. ಮಕ್ಕಳಿಗೆ ಗದರಿಕೊಂಡೇ ಆರಾಧನೆಗೆ ಹೊರಡುತ್ತೇವೆ. ಇದಕ್ಕೆ ದಾರಿ ಏನು?

ಉತ್ತರ: ಶನಿವಾರದ ಈ ಪಾಡು ಶುರುವಾಗುವುದು ಮಂಗಳವಾರ. ಆಸ್ಪತ್ರೆ ಭೇಟಿ, ಸಮಿತಿ ಸಭೆ, ಮದುವೆ ಮಾತುಕತೆ, ಇವಕ್ಕೆಲ್ಲ ಎದುರಿಗೆ ಕಾಯುವ ಜನ ಇರುತ್ತಾರೆ. ಪ್ರಸಂಗಕ್ಕೆ ಭಾನುವಾರದವರೆಗೂ ಯಾರೂ ಬಾಗಿಲು ತಟ್ಟುವುದಿಲ್ಲ. ಹಾಗಾಗಿ ಮುಂದಕ್ಕೆ ಹೋಗುವುದು ಯಾವಾಗಲೂ ಅದೇ. ಅದಕ್ಕೂ ಬೇರೆಯವರ ಭೇಟಿಯಂತೆಯೇ ಡೈರಿಯಲ್ಲಿ ಹೊತ್ತು ಬರೆದಿಡಲಿ. ಮಂಗಳವಾರ ಬೆಳಿಗ್ಗೆ ಎರಡು ಗಂಟೆ ಕಾಲ ಬೈಬಲಿನ ವಾಕ್ಯಭಾಗವನ್ನು ಮತ್ತೆ ಮತ್ತೆ ಓದಿ ಪ್ರಶ್ನೆಗಳನ್ನು ಗುರುತಿಸುವುದು, ಬುಧವಾರ ವ್ಯಾಖ್ಯಾನ ಗ್ರಂಥಗಳು, ಗುರುವಾರ ಇಡೀ ಪ್ರಸಂಗದ ಸಾರವನ್ನು ಒಂದೇ ವಾಕ್ಯದಲ್ಲಿ ಬರೆದು ಚೌಕಟ್ಟು ಹಾಕುವುದು, ಶುಕ್ರವಾರ ಮಧ್ಯಾಹ್ನದೊಳಗೆ ಬರೆದು ಮುಗಿಸುವುದು. ಶನಿವಾರಕ್ಕೆ ಉಳಿಯಬೇಕಾದದ್ದು ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದುವುದಷ್ಟೆ. ಗುರುವಾರದ ಆ ಒಂದು ವಾಕ್ಯ ಸಿಗದಿದ್ದರೆ ಶುಕ್ರವಾರ ಎಷ್ಟು ಬರೆದರೂ ಮುಗಿಯುವುದಿಲ್ಲ. ರಾತ್ರಿಯೆಲ್ಲ ಕೂರಿಸುವುದು ಬಹುತೇಕ ಅದೇ.

ವಾರದ ನಡುವೆ ಒಂದು ಶವಸಂಸ್ಕಾರ ಬಂದರೆ ಒಂದೂವರೆ ದಿನ ಹೋಯಿತೆಂದೇ ಲೆಕ್ಕ. ಅದಕ್ಕಾಗಿ ಯಾವ ಕಾಲಕ್ಕೂ ಹೊಂದುವ, ಬೈಬಲಿನ ಒಂದು ಕೀರ್ತನೆಯ ಮೇಲೆ ಪೂರ್ತಿ ಬರೆದ ಪ್ರಸಂಗವೊಂದು ಕಡತದಲ್ಲಿ ಸಿದ್ಧವಿರಲಿ. ಬಳಸಿದರೆ ಮುಂದಿನ ತಿಂಗಳೊಳಗೆ ಇನ್ನೊಂದನ್ನು ಬರೆದಿಡಬೇಕು.

ಇನ್ನು ಮನೆಯ ಕಡೆ. ಶನಿವಾರ ಸಂಜೆ 6ರೊಳಗೆ ಬಾಗಿಲ ಬಳಿ ಒಂದು ಚೀಲ ಇರಲಿ: ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಪ್ರಸಂಗ (16 ಪಾಯಿಂಟ್ ಸಾಕು), ಕನ್ನಡಕ, ಪ್ರಕಟಣೆಗಳ ಹಾಳೆ, ದೀಕ್ಷಾಸ್ನಾನವಿದ್ದರೆ ಅದರ ರಿಜಿಸ್ಟರ್, ನೀರಿನ ಬಾಟಲಿ, ಬೀಗದ ಕೈ. ಮಕ್ಕಳ ಬಟ್ಟೆ ಕಾಲುಚೀಲದ ಸಮೇತ ಹೊರಗೆ ತೆಗೆದಿಟ್ಟಿರಲಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಹೊರಡಲೇಬೇಕೆಂಬ ಹಟ ಬೇಡ. ಅವರು ಒಂದು ಗಂಟೆ ಮೊದಲು ಹೋಗಲಿ, ನೀವು ಮಕ್ಕಳೊಂದಿಗೆ 15 ನಿಮಿಷ ಮೊದಲು ತಲುಪಿದರೆ ಸಾಕು. ಚಿಕ್ಕ ಮಕ್ಕಳಿದ್ದರೆ ಮೊದಲ ಸಾಲು ಬಿಟ್ಟು ಪಕ್ಕದ ಬಾಗಿಲಿಗೆ ಹತ್ತಿರ, ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳಿ. ಸಭಾಪಾಲಕರ ಮನೆಯವರು ಮುಂದೆಯೇ ಕೂರಬೇಕೆಂಬ ನಿಯಮ ಎಲ್ಲೂ ಇಲ್ಲ.

ಪ್ರಶ್ನೆ: ಫೋನ್ ಊಟದ ಹೊತ್ತಿಗೂ ಬಡಿದುಕೊಳ್ಳುತ್ತಲೇ ಇರುತ್ತದೆ. ಎತ್ತದಿದ್ದರೆ ಸಭೆಯವರಿಗೆ ಬೇಸರ, ಎತ್ತಿದರೆ ಮನೆಯವರಿಗೆ.

ಉತ್ತರ: ಸಭೆಯ ಕೆಲಸಕ್ಕೆ ಬೇರೆಯದೇ ನಂಬರ್ ಮಾಡಿಸಿ. ಬೆಳಗಾಗುವವರೆಗೆ ಕಾಯಲಾಗದ ಕರೆಗಳು ಯಾವುವು ಎಂದು ಸಭೆಯ ಹಿರಿಯರೊಂದಿಗೆ ಕೂತು ಮೊದಲೇ ತೀರ್ಮಾನಿಸಿ: ಸಾವು, ಅಪಘಾತ, ಸಾವಿನಂಚಿನಲ್ಲಿರುವ ರೋಗಿ, ಮನೆಯೊಳಗಿನ ಹಿಂಸೆ, ಜೀವ ಕಳೆದುಕೊಳ್ಳುವ ಮಾತು. ಹಾಡಿನ ಪಟ್ಟಿ, ಸಭಾಂಗಣದ ಬೀಗ, ಪ್ರಮಾಣಪತ್ರ ಇವೆಲ್ಲ ಬೆಳಗಾಗುವವರೆಗೆ ಕಾಯುತ್ತವೆ. ಊಟದ ಒಂದು ಗಂಟೆ ಸಭೆಯ ಫೋನ್ ಒಬ್ಬ ಹಿರಿಯರ ಬಳಿ ಇರಲಿ. ತುರ್ತಾದರೆ ಅವರು ಮನೆಯ ನಂಬರಿಗೆ ತಿಳಿಸುತ್ತಾರೆ. ಈ ಏರ್ಪಾಡನ್ನು ಆರಾಧನೆಯಲ್ಲಿ ಪ್ರಕಟಿಸಬೇಕು, ಅದೂ ಹಿರಿಯರ ಬಾಯಿಂದ. ಸಭಾಪಾಲಕರೇ ಹೇಳಿದರೆ ಬೇಡಿಕೆಯಂತೆ ಕೇಳಿಸುತ್ತದೆ.

ಅವರಿಲ್ಲದಾಗ ಕರೆ ಬಂದರೆ ಹೆಸರು, ನಂಬರ್, ಸಮಯ, ಯಾವಾಗ ಮರಳಿ ಕರೆಯಬೇಕು, ಇಷ್ಟನ್ನು ಮಾತ್ರ ಬರೆದುಕೊಳ್ಳಿ. ಮನೆಗೆ ಬಂದವರ ಕಣ್ಣಿಗೆ ಬೀಳುವ ಪುಸ್ತಕದಲ್ಲಿ ಕಷ್ಟದ ವಿವರ ಬರೆಯಬಾರದು. ಕರೆದವರು ನಿಮ್ಮ ಬಳಿಯೇ ಎಲ್ಲ ಹೇಳತೊಡಗಿದರೆ, ‘ಇದನ್ನು ಅವರಿಗೇ ಹೇಳಿ, ಅವರೇ ಕೇಳಬೇಕಾದ ಮಾತು’ ಎಂದು ಮೆತ್ತಗೆ ತಡೆಯಿರಿ.

ಪ್ರಶ್ನೆ: ‘ಅಪ್ಪ ಎಲ್ಲಿಗೆ ಹೋಗಿದ್ದರು? ಅವರ ಮನೆಯಲ್ಲಿ ಏನು ಜಗಳ?’ ಎಂದು ಸಭೆಯವರು ನಮ್ಮ ಒಂಬತ್ತು ವರ್ಷದ ಮಗಳನ್ನು ಕೇಳುತ್ತಾರೆ.

ಉತ್ತರ: ಅವಳಿಗೆ ಒಂದೇ ಮಾತು ಕಲಿಸಿ: ‘ನನಗೆ ಗೊತ್ತಿಲ್ಲ, ಅಪ್ಪನನ್ನೇ ಕೇಳಿ.’ ಅದು ಸುಳ್ಳಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಮಕ್ಕಳು ಎಚ್ಚರವಿರುವಾಗ ಸಭೆಯವರ ಮನೆ ವಿಷಯ ಊಟದ ಮೇಜಿಗೆ ಬರಬಾರದು. ಮತ್ತೆ ಮತ್ತೆ ಕೇಳುವವರ ಬಳಿ ನೀವೇ ನೇರವಾಗಿ ಮಾತಾಡಿ. ಇದನ್ನು ಮಗುವಿನ ಹೆಗಲಿಗೆ ಬಿಡಬೇಡಿ.

ಪ್ರಶ್ನೆ: ಬಲಿಪೀಠದ ವಸ್ತ್ರಗಳನ್ನು ಒಗೆಯುವುದು ನಮ್ಮ ಮನೆಯಲ್ಲೇ. ಮೇಣ ಮತ್ತು ದ್ರಾಕ್ಷಾರಸದ ಕಲೆ ಹೋಗುತ್ತಿಲ್ಲ.

ಉತ್ತರ: ಮೇಣ ಬಿದ್ದ ಬಟ್ಟೆಯನ್ನು ಮೊದಲೇ ಬಿಸಿನೀರಿಗೆ ಹಾಕುವುದರಿಂದ ತೊಂದರೆ. ಮೇಣ ಕರಗಿ ಎಳೆಗಳೊಳಕ್ಕೆ ಇಳಿಯುತ್ತದೆ, ಮಿಕ್ಕದ್ದು ಮೋರಿಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಸೆಟೆದ ಮೇಣವನ್ನು ಚಮಚದ ಅಂಚಿನಿಂದ ಎಬ್ಬಿಸಿ ತೆಗೆಯಿರಿ, ಚಾಕು ಬೇಡ. ಉಳಿದ ಜಿಡ್ಡಿಗೆ ಮೇಲೂ ಕೆಳಗೂ ಅಚ್ಚಿಲ್ಲದ ಹೀರುಕಾಗದ ಇಟ್ಟು, ಹಬೆ ಇಲ್ಲದೆ ಮಧ್ಯಮ ಬಿಸಿಯ ಇಸ್ತ್ರಿ ಒತ್ತಿ. ಕಾಗದ ಜಿಡ್ಡಾದಂತೆ ಬದಲಿಸುತ್ತಾ ಹೋಗಿ. ಜೇನುಮೇಣ ಕರಗುವುದು ಸುಮಾರು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಇಸ್ತ್ರಿ ಕಾದು ಉರಿಯಬೇಕಿಲ್ಲ. ಬಣ್ಣದ ಮೇಣ ಬಿಟ್ಟ ಕಲೆಗೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಬಹುದು, ಮೊದಲು ಮಡಿಕೆಯ ಒಳಗಿನ ಅಂಚಿನಲ್ಲಿ ಪರೀಕ್ಷಿಸಿ.

ದ್ರಾಕ್ಷಾರಸಕ್ಕೆ ಅಂದೇ ಕೈಹಾಕಬೇಕು. ಬಟ್ಟೆಯ ಹಿಂಬದಿಯಿಂದ ತಣ್ಣೀರು ಹಾಯಿಸಿ. ಆಂಗ್ಲಿಕನ್, ಕಥೋಲಿಕ ಸಭೆಗಳ ಪದ್ಧತಿಯಲ್ಲಿದ್ದರೆ ಪವಿತ್ರಗೊಳಿಸಿದ ದ್ರಾಕ್ಷಾರಸ ಬೆರೆತ ಈ ಮೊದಲ ನೀರನ್ನು ಮೋರಿಗೆ ಬಿಡದೆ ಮಣ್ಣಿಗೆ ಸುರಿಯಿರಿ. ನಾರಗಸೆಯ (ಲಿನೆನ್) ಅಥವಾ ಹತ್ತಿಯ ಬಿಳಿ ಬಟ್ಟೆಯಾದರೆ ಬೋಗುಣಿಯ ಬಾಯಿಗೆ ಬಿಗಿದು ಕಟ್ಟಿ, ಕಲೆಯ ಮೇಲೆ ಕುದಿಯುವ ನೀರನ್ನು ಜೋಪಾನವಾಗಿ ಸುರಿಯಿರಿ. ರೇಷ್ಮೆ ದಾರದ ಕಸೂತಿ ಇದ್ದರೆ ಇದು ಬೇಡವೇ ಬೇಡ. ಕಲೆ ಹೋಗುವ ಮುನ್ನ ಇಸ್ತ್ರಿ ಮಾಡಿದರೆ ಅದು ಕೂತುಬಿಡುತ್ತದೆ. ಕ್ಲೋರಿನ್ ಬ್ಲೀಚ್ ನಾರನ್ನು ಸವೆಸುತ್ತದೆ, ಆಮ್ಲಜನಕದ ಬ್ಲೀಚ್ ಪುಡಿ ಮೇಲು. ಪಾನಪಾತ್ರೆ ಒರೆಸುವ ವಸ್ತ್ರದಲ್ಲಿ ಲಿಪ್‌ಸ್ಟಿಕ್ ಇದ್ದರೆ ನೆನೆಸುವ ಮೊದಲು ಪಾತ್ರೆ ತೊಳೆಯುವ ದ್ರವ ಹಚ್ಚಿ ಉಜ್ಜಿ. ನಾರಗಸೆಯನ್ನು ಒದ್ದೆ ಆರುವ ಮೊದಲೇ ಇಸ್ತ್ರಿ ಮಾಡಿ, ದೊಡ್ಡ ವಸ್ತ್ರವನ್ನು ಮಡಿಸದೆ ಕೊಳವೆಗೆ ಸುತ್ತಿಡಿ. ಮಡಿಕೆಯ ಗೆರೆಯಲ್ಲೇ ನೂಲು ಮೊದಲು ಹರಿಯುವುದು.

ಪ್ರಶ್ನೆ: ಕುಟುಂಬವಾಗಿ ರಜೆ ಹೋಗಲು ಯಾವ ವಾರ ಸರಿ?

ಉತ್ತರ: ಈಸ್ಟರ್ ಮುಗಿದ ಮರುದಿನದಿಂದ. ಪಶ್ಚಿಮದ ಸಭೆಗಳ ಲೆಕ್ಕದಲ್ಲಿ ಈಸ್ಟರ್ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಬರುತ್ತದೆ: 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಈಸ್ಟರ್ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಅದಕ್ಕೆ 46 ದಿನ ಮೊದಲು. ಆಗಿನಿಂದ ಈಸ್ಟರ್‌ವರೆಗೆ ರಜೆಯ ಮಾತು ಬೇಡ. ಈಸ್ಟರ್ ನಂತರದ ಭಾನುವಾರಕ್ಕೆ ಅತಿಥಿ ಪ್ರಸಂಗಿಯನ್ನು ಜನವರಿಯಲ್ಲೇ ಕೇಳಿಟ್ಟುಕೊಳ್ಳಿ. ಆ ವಾರ ಬಹಳಷ್ಟು ಸಭಾಪಾಲಕರು ಬಿಡುವು ಬಯಸುವುದರಿಂದ, ಮಾರ್ಚ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ.